ನಾಚಿಕೆಯ ಕಾಯಿಲೆಯಲ್ಲ, ಕಲಿಯಬೇಕಾದ ಪಾಠ

ಈ ಬರಹವನ್ನು ಬರೆಯಬೇಕೋ ಬೇಡವೋ ಎಂದು ಎರಡು ವರ್ಷಗಳಿಂದ ಮೀನಮೇಷ ಎಣಿಸುತ್ತಾ ಬಂದಿದ್ದೇನೆ. ನನ್ನ ಬಾಲ್ಯದ ಶಾಲೆ, ಮಲೆನಾಡಿನ ಮಳೆಗಾಲ, ನನಗೆ ಅಕ್ಷರ ಕಲಿಸಿದ ಗುರುಗಳು, ಇಂಥ ವಿಷಯಗಳನ್ನು ಓದಲೆಂದು ಇಲ್ಲಿಗೆ ಬರುವ ಹಿರಿಯ ಮಿತ್ರರು ಇಂದಿನ ವಿಷಯವನ್ನು ಕಂಡು ಹುಬ್ಬೇರಿಸಬಹುದು. ಆದರೆ ಕಳೆದ ತಿಂಗಳು ನಮ್ಮೂರಿನ ನಿವೃತ್ತ ಶಿಕ್ಷಕರ ಸಭೆಗೆ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಮೂರು ವರ್ಷಗಳ ಬಳಿಕ ಬಂದು ಕುಳಿತರು. ಅವರು ಇಷ್ಟು ದಿನ ಏಕೆ ಬರಲಿಲ್ಲ ಎಂಬುದನ್ನು ಬಲ್ಲವನು ಆ ಸಭೆಯಲ್ಲಿ ನಾನೊಬ್ಬನೇ. ಅವರ ಮುಖವನ್ನು ಕಂಡ ಮೇಲೆ, ಈ ವಿಷಯದಲ್ಲಿ ಮೌನವಾಗಿರುವುದು ಸಭ್ಯತೆಯಲ್ಲ, ಹೊಣೆಗೇಡಿತನ ಎಂದು ನನಗೆ ಅನ್ನಿಸಿತು. ಅವರ ಒಪ್ಪಿಗೆ ಪಡೆದು, ಹೆಸರು ಹೇಳದೆ ಬರೆಯುತ್ತಿದ್ದೇನೆ.

ವಿಷಯ ಇಷ್ಟೇ. ಪ್ರಾಸ್ಟೇಟ್ ಗ್ರಂಥಿಯ ಶಸ್ತ್ರಚಿಕಿತ್ಸೆಯಾದ ಗಂಡಸರಿಗೆ ಮೂತ್ರದ ಮೇಲಿನ ಹಿಡಿತ ತಪ್ಪುತ್ತದೆ. ಅದನ್ನು ಮರಳಿ ಪಡೆಯಲು ಒಂದು ವ್ಯಾಯಾಮವಿದೆ. ಆ ವ್ಯಾಯಾಮವನ್ನು ಕಲಿಸುವವರು ಇದ್ದಾರೆ. ಆದರೂ ನಮ್ಮಲ್ಲಿ ಬಹುಮಂದಿ ಅದನ್ನು ಕಲಿಯದೆಯೇ ಮನೆಯ ಮೂಲೆ ಸೇರುತ್ತಾರೆ.

ನನ್ನ ಕಥೆಯನ್ನೇ ಮೊದಲು ಹೇಳಿಬಿಡುತ್ತೇನೆ. 2022ರ ಆರಂಭದಲ್ಲಿ ನನಗೆ ಪ್ರಾಸ್ಟೇಟ್ ಕ್ಯಾನ್ಸರ್ ಇದೆಯೆಂದು ಗೊತ್ತಾಯಿತು. ಆಗ ನನಗೆ ಅರವತ್ತೆಂಟು ವರ್ಷ. ರೋಗ ಗ್ರಂಥಿಯ ಹೊರಗೆ ಹರಡಿರಲಿಲ್ಲ. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಇಡೀ ಗ್ರಂಥಿಯನ್ನು ತೆಗೆದುಹಾಕಿದರು. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರ ಕೈಗುಣದ ಬಗ್ಗೆ ನನಗೆ ಇಂದಿಗೂ ಕೃತಜ್ಞತೆಯಿದೆ. ಹತ್ತು ದಿನಗಳ ಬಳಿಕ ಕ್ಯಾಥೆಟರ್ ನಳಿಕೆಯನ್ನು ತೆಗೆದ ದಿನ ನಾನು ಮಂಚದಿಂದ ಎದ್ದು ನಿಂತೆ. ನಿಂತಂತೆಯೇ ಕಾಲಮೇಲೆ ನೀರಿಳಿಯಿತು. ನರ್ಸ್ ಒಂದು ಪ್ಯಾಡು ಕೊಟ್ಟು, “ಇದು ಎಲ್ಲರಿಗೂ ಆಗುತ್ತೆ ಅಜ್ಜ, ಸರಿಹೋಗುತ್ತೆ” ಎಂದಳು. ಬಿಡುಗಡೆಯ ಕಾಗದಗಳ ಜೊತೆಗೆ ಇಂಗ್ಲಿಷಿನಲ್ಲಿ ಅಚ್ಚಾದ ಒಂದು ಹಾಳೆಯಿತ್ತು. ಕೆಗೆಲ್ ವ್ಯಾಯಾಮವನ್ನು ದಿನಕ್ಕೆ ಮೂರು ಬಾರಿ ಮಾಡಬೇಕೆಂದು ಅದರಲ್ಲಿ ನಾಲ್ಕು ಸಾಲು ಬರೆದಿತ್ತು. ಅದೇನು, ಹೇಗೆ ಎಂದು ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ನಲವತ್ತರ ಆಸುಪಾಸಿನ ಆ ವೈದ್ಯರ ಮುಂದೆ, ಸುತ್ತ ನಾಲ್ಕಾರು ಕಿರಿಯ ವೈದ್ಯರು ನಿಂತಿರುವಾಗ, ಇಂಥ ಪ್ರಶ್ನೆ ಕೇಳಲು ನಾಲಿಗೆ ಏಳಲಿಲ್ಲ.

ಎರಡೂವರೆ ತಿಂಗಳ ಬಳಿಕ ನನ್ನ ಹಳೆಯ ವಿದ್ಯಾರ್ಥಿಗಳು ಗುರುವಂದನೆ ಇಟ್ಟುಕೊಂಡರು. ಬರುವುದಿಲ್ಲವೆಂದರೂ ಬಿಡಲಿಲ್ಲ. ಬಿಳಿಯ ಪಂಚೆಯುಟ್ಟು ವೇದಿಕೆಯ ಮೇಲೆ ಕುಳಿತೆ. ಹೆಸರು ಕರೆದಾಗ ಕುರ್ಚಿಯಿಂದ ಎದ್ದೆ. ಎದ್ದ ಆ ಒಂದು ಕ್ಷಣದಲ್ಲಿಯೇ ಆಗಬಾರದ್ದು ಆಗಿಹೋಯಿತು. ಒಳಗಿದ್ದ ಪ್ಯಾಡು ತಡೆಯಲಿಲ್ಲ. ಹೊದಿಸಿದ ಶಾಲನ್ನು ಸೊಂಟದ ಕೆಳಗೆ ಇಳಿಬಿಟ್ಟುಕೊಂಡು, ಹಣ್ಣಿನ ಬುಟ್ಟಿಯನ್ನು ಮುಂದೆ ಹಿಡಿದು, ಎರಡು ಮಾತು ಆಡಿ, ಊಟಕ್ಕೂ ನಿಲ್ಲದೆ ಆಟೋ ಹತ್ತಿದೆ. ಮೇಷ್ಟ್ರು ಭಾವುಕರಾಗಿಬಿಟ್ಟರು ಎಂದು ಹುಡುಗರು ತಿಳಿದುಕೊಂಡರಂತೆ.

ಆಟೋದಲ್ಲಿ ಕುಳಿತಾಗ ನನಗೆ ನೆನಪಾದದ್ದು 1978ರ ಒಂದು ಮಳೆಗಾಲದ ದಿನ. ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನನ್ನ ಮೊದಲ ನೌಕರಿ. ಮೂರನೆಯ ತರಗತಿಯ ಹುಡುಗನೊಬ್ಬ ಕುಳಿತಲ್ಲೇ ಚಡ್ಡಿ ಒದ್ದೆ ಮಾಡಿಕೊಂಡ. ನಾನು ಇಡೀ ತರಗತಿಯ ಮುಂದೆ ಅವನನ್ನು ನಿಲ್ಲಿಸಿ, “ಇಷ್ಟು ದೊಡ್ಡವನಾಗಿದ್ದೀಯ, ನಾಚಿಕೆಯಾಗುವುದಿಲ್ಲವೇನೋ?” ಎಂದು ಗದರಿದೆ. ಮಕ್ಕಳೆಲ್ಲ ನಕ್ಕರು. ಆ ಹುಡುಗ ಒಂದು ವಾರ ಶಾಲೆಯ ಕಡೆ ಸುಳಿಯಲಿಲ್ಲ. ಅವನ ಹೆಸರು ನನಗೆ ಇಂದು ನೆನಪಿಲ್ಲ, ಮುಖ ಮಾತ್ರ ನೆನಪಿದೆ. ನಲವತ್ತನಾಲ್ಕು ವರ್ಷಗಳ ಬಳಿಕ ನನ್ನ ಮಾತು ನನ್ನ ಕಿವಿಗೇ ಬಂದು ಬಿದ್ದಿತು. ಮಾಡಿದ್ದುಣ್ಣೋ ಮಹಾರಾಯ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಇರಲಿ. ಹೀಗೇಕಾಗುತ್ತದೆ ಎಂಬುದನ್ನು ಆಮೇಲೆ ಓದಿ, ಕೇಳಿ ತಿಳಿದುಕೊಂಡೆ. ಪ್ರಾಸ್ಟೇಟ್ ಗಂಡಸರಲ್ಲಿ ಮಾತ್ರ ಇರುವ ಒಂದು ಗ್ರಂಥಿ. ಪ್ರಾಯದಲ್ಲಿ ಅದರ ಗಾತ್ರ ಹೆಚ್ಚುಕಡಿಮೆ ಸಿಪ್ಪೆ ಸುಲಿಯದ ಅಡಿಕೆಕಾಯಿಯಷ್ಟು. ಅದು ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು ಕುಳಿತಿರುತ್ತದೆ. ಮೂತ್ರವನ್ನು ತಡೆದು ಹಿಡಿಯಲು ದೇಹ ಎರಡು ತೂಬುಗಳನ್ನು ಇಟ್ಟಿದೆ. ಒಂದು ಮೂತ್ರಕೋಶದ ಕೊರಳಿನಲ್ಲಿದೆ. ಅದು ನಮ್ಮ ಅಪ್ಪಣೆಗೆ ಕಾಯದೆ ಹಗಲೂ ರಾತ್ರಿ ತನ್ನಷ್ಟಕ್ಕೆ ಕೆಲಸ ಮಾಡುತ್ತದೆ. ಇನ್ನೊಂದು ಗ್ರಂಥಿಯ ಕೆಳಗಿದೆ. ಅದು ನಮ್ಮ ಇಚ್ಛೆಗೆ ಒಳಪಟ್ಟ ಸ್ನಾಯು. ಕ್ಯಾನ್ಸರಿಗಾಗಿ ಗ್ರಂಥಿಯನ್ನು ಪೂರ್ತಿಯಾಗಿ ತೆಗೆಯುವಾಗ ಮೇಲಿನ ತೂಬಿನ ಕೆಲಸ ಬಹುಮಟ್ಟಿಗೆ ಇಲ್ಲವಾಗುತ್ತದೆ. ಜೀವಮಾನವಿಡೀ ಸಹಾಯಕನಾಗಿದ್ದ ಕೆಳಗಿನ ಸ್ನಾಯು ಒಮ್ಮೆಲೇ ಇಡೀ ಶಾಲೆಯ ಹೊಣೆ ಹೊರಬೇಕಾಗುತ್ತದೆ. ಕೆಮ್ಮಿದಾಗ, ಸೀನಿದಾಗ, ಕುಳಿತಲ್ಲಿಂದ ಎದ್ದಾಗ ಹೊಟ್ಟೆಯೊಳಗಿನ ಒತ್ತಡ ಹೆಚ್ಚುತ್ತದೆ. ಬಲವಿಲ್ಲದ ಸ್ನಾಯು ಅದನ್ನು ತಾಳಲಾರದೆ ಸೋರುತ್ತದೆ. ವಯಸ್ಸಾದವರಲ್ಲಿ ಕ್ಯಾನ್ಸರಿಲ್ಲದೆಯೂ ಗ್ರಂಥಿ ಊದಿಕೊಂಡು, ಒಳಗಿನಿಂದ ಕೆರೆದು ತೆಗೆಯುವ ಶಸ್ತ್ರಚಿಕಿತ್ಸೆಯಿದೆಯಷ್ಟೆ. ಅದರಲ್ಲಿಯೂ ಕೆಲವರಿಗೆ ಹೀಗಾಗುವುದುಂಟು.

ಬಹುಮಂದಿಗೆ ಒಂದು ವರ್ಷದೊಳಗೆ ಇದು ಬಹಳಷ್ಟು ಸುಧಾರಿಸುತ್ತದೆ ಎಂಬುದು ನಿಜ. ಆದರೆ ಆ ಒಂದು ವರ್ಷವೇನು ಸಣ್ಣದೇ? ಅಷ್ಟರೊಳಗೆ ಮನುಷ್ಯ ಮದುವೆಗೆ ಹೋಗುವುದನ್ನು ಬಿಡುತ್ತಾನೆ, ದೇವಸ್ಥಾನಕ್ಕೆ ಹೋಗುವುದನ್ನು ಬಿಡುತ್ತಾನೆ, ಬಸ್ಸು ಹತ್ತುವುದನ್ನು ಬಿಡುತ್ತಾನೆ. ಮಡಿ ಮೈಲಿಗೆಯ ಮನೆಗಳಲ್ಲಿ ಪೂಜೆಗೆ ಕೂರುವುದನ್ನೂ ಬಿಡುತ್ತಾನೆ. ಬಿಟ್ಟ ಮೇಲೆ ಮರಳಿ ಹಿಡಿಯುವುದು ಈ ವಯಸ್ಸಿನಲ್ಲಿ ಸುಲಭವಲ್ಲ.

ಗುರುವಂದನೆಯ ಪ್ರಸಂಗವಾದ ಮೇಲೆ ನನ್ನ ಹೆಂಡತಿಯೇ ವಿಚಾರಿಸಿ, ಆಗುಂಬೆ ಘಟ್ಟವಿಳಿದು ಕರಾವಳಿಯ ಆಸ್ಪತ್ರೆಯೊಂದಕ್ಕೆ ನನ್ನನ್ನು ಕರೆದುಕೊಂಡು ಹೋದಳು. ಅಲ್ಲಿನ ಫಿಸಿಯೋಥೆರಪಿಸ್ಟ್ ನನ್ನ ಮಗಳಿಗಿಂತಲೂ ಚಿಕ್ಕ ಹುಡುಗಿ. ಆಕೆಯ ಮುಂದೆ ತಲೆ ತಗ್ಗಿಸಿ ಕುಳಿತಿದ್ದೆ. “ಸರ್, ಮನೆಯಲ್ಲಿ ವ್ಯಾಯಾಮ ಮಾಡ್ತಾ ಇದೀರಾ?” ಎಂದು ಕೇಳಿದಳು. ಹಾಳೆಯಲ್ಲಿದ್ದಂತೆ ದಿನಕ್ಕೆ ಮೂರು ಬಾರಿ ತಪ್ಪದೆ ಮಾಡುತ್ತಿದ್ದೇನೆ ಎಂದು ಹೆಮ್ಮೆಯಿಂದಲೇ ಹೇಳಿದೆ. ಮಾಡಿ ತೋರಿಸಿ ಎಂದಳು. ಹೊಟ್ಟೆಯ ಕೆಳಭಾಗದ ಮೇಲೆ ಸ್ಕ್ಯಾನಿಂಗ್ ಉಪಕರಣವಿಟ್ಟು ಪರದೆಯನ್ನು ನನ್ನ ಕಡೆ ತಿರುಗಿಸಿದಳು. ನಾನು ಉಸಿರು ಬಿಗಿಹಿಡಿದು, ಪೃಷ್ಠ ತೊಡೆಗಳನ್ನೆಲ್ಲ ಬಿಗಿದು, ಮೇಲಕ್ಕೆ ಎಳೆದುಕೊಳ್ಳುತ್ತಿದ್ದೇನೆ ಎಂದುಕೊಂಡಿದ್ದೆ. ಪರದೆಯ ಮೇಲೆ ನನ್ನ ಮೂತ್ರಕೋಶದ ತಳ ಮೇಲೇರುವ ಬದಲು ಕೆಳಕ್ಕೆ ನೂಕಲ್ಪಡುತ್ತಿತ್ತು. ಎರಡು ತಿಂಗಳು ನಾನು ಶ್ರದ್ಧೆಯಿಂದ ಮಾಡಿದ್ದು ತಪ್ಪು ಲೆಕ್ಕವನ್ನು.

ಆಕೆ ನಗಲಿಲ್ಲ. “ನೀವು ಮಕ್ಕಳಿಗೆ ಅಕ್ಷರ ತಿದ್ದಿಸುವಾಗ ಕೈ ಹಿಡಿದೇ ತಿದ್ದಿಸ್ತಾ ಇದ್ರಿ ಅಲ್ವಾ ಸರ್? ಇದೂ ಹಾಗೇ” ಎಂದಳು. ನಾನು ಮೂವತ್ತಾರು ವರ್ಷ ಪಾಠ ಮಾಡಿದವನು. ಆ ಒಂದು ಮಾತಿಗೆ ನನ್ನ ಸಂಕೋಚ ಅರ್ಧ ಇಳಿಯಿತು.

ಅವಳು ಕಲಿಸಿದ್ದನ್ನು ಸರಳವಾಗಿ ಹೇಳುತ್ತೇನೆ. ಮೊದಲು ಮೊಣಕಾಲು ಮಡಚಿ ಅಂಗಾತ ಮಲಗಿ, ಹರಿಯುತ್ತಿರುವ ಮೂತ್ರವನ್ನು ನಡುವೆ ನಿಲ್ಲಿಸುವಂತೆ, ಶಿಶ್ನವನ್ನು ಒಳಕ್ಕೆ ಸೆಳೆದುಕೊಳ್ಳುವಂತೆ ಮೆಲ್ಲಗೆ ಬಿಗಿಹಿಡಿಯಬೇಕು. ಉಸಿರಾಟ ಎಂದಿನಂತೆ ನಡೆದಿರಬೇಕು. ಹೊಟ್ಟೆ, ತೊಡೆ, ಪೃಷ್ಠ ಸುಮ್ಮನಿರಬೇಕು. ಮೊದಮೊದಲು ಮೂರು ನಾಲ್ಕು ಸೆಕೆಂಡು ಹಿಡಿದು, ಅಷ್ಟೇ ಹೊತ್ತು ಪೂರ್ತಿಯಾಗಿ ಸಡಿಲಿಸಬೇಕು. ಸಡಿಲಿಸುವುದೂ ಪಾಠದ ಭಾಗವೇ. ಬಲ ಬಂದಂತೆ ಹತ್ತು ಸೆಕೆಂಡಿನವರೆಗೆ ಹೋಗಬಹುದು. ನಡುವೆ ಒಂದೊಂದು ಸೆಕೆಂಡಿನ ಚುರುಕು ಬಿಗಿತಗಳೂ ಉಂಟು. ಮಲಗಿ ಕಲಿತದ್ದನ್ನು ಕುಳಿತು, ಬಳಿಕ ನಿಂತು ಮಾಡಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ಕೆಮ್ಮುವ ಮುನ್ನ, ಏಳುವ ಮುನ್ನ, ಬಿಂದಿಗೆ ಎತ್ತುವ ಮುನ್ನ ಬಿಗಿಹಿಡಿಯುವ ಅಭ್ಯಾಸ. ಮೂತ್ರ ಮಾಡುತ್ತಿರುವಾಗಲೇ ನಿಲ್ಲಿಸಿ ನಿಲ್ಲಿಸಿ ಅಭ್ಯಾಸ ಮಾಡಬಾರದು. ಕ್ಯಾಥೆಟರ್ ಇರುವಾಗ ಮಾಡಬಾರದು. ಅತಿಯಾಗಿ ಮಾಡಿದರೆ ಸ್ನಾಯು ದಣಿದು ಸಂಜೆಯ ವೇಳೆ ಸೋರಿಕೆ ಇನ್ನೂ ಹೆಚ್ಚುತ್ತದೆ. ಹೆದರಿ ನೀರು ಕುಡಿಯುವುದನ್ನು ಬಿಡಬಾರದು, ಕಾಫಿಯನ್ನು ಮಾತ್ರ ಕಡಿಮೆ ಮಾಡಬೇಕು. ನನ್ನ ದಿನದ ನಾಲ್ಕು ಲೋಟ ಕಾಫಿ ಒಂದಕ್ಕೆ ಇಳಿಯಿತು. ಈ ಇಡೀ ಚಿಕಿತ್ಸೆಯಲ್ಲಿ ನನಗೆ ಅತ್ಯಂತ ಕಷ್ಟವೆನಿಸಿದ್ದು ಅದೇ!

ಹೇಗೆ ಹೇಳಿಕೊಡಬೇಕೆಂಬ ಮಾತಿಗೆ ಎಷ್ಟು ತೂಕವಿದೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಗುದದ್ವಾರವನ್ನು ಬಿಗಿಯಿರಿ ಎಂದು ಹೇಳಿಕೊಡುವುದು ಬಹುಕಾಲದ ವಾಡಿಕೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಗಂಡಸರಿಗೆ ಬೇರೆ ಬೇರೆ ಮಾತುಗಳಲ್ಲಿ ಸೂಚನೆ ಕೊಟ್ಟು, ಒಳಗೆ ಯಾವ ಸ್ನಾಯು ಕದಲುತ್ತದೆಂದು ಅಲ್ಟ್ರಾಸೌಂಡಿನಲ್ಲಿ ನೋಡಿದರು. ಶಿಶ್ನವನ್ನು ಒಳಕ್ಕೆ ಸೆಳೆದುಕೊಳ್ಳಿ ಎಂದಾಗ ಮೂತ್ರನಾಳದ ಸ್ನಾಯು ಚೆನ್ನಾಗಿ ಬಿಗಿಯಿತು. ಗುದದ್ವಾರದ ಮಾತು ಹೇಳಿದಾಗ ಹಿಂಭಾಗದ ಸ್ನಾಯುಗಳೇ ಹೆಚ್ಚು ಕೆಲಸ ಮಾಡಿದವು. ಮಾತು ಬದಲಾದರೆ ಕಲಿಕೆಯೇ ಬದಲಾಗುತ್ತದೆ. ಶಿಕ್ಷಕರಾದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದೆಲ್ಲ ನಮ್ಮ ಮೂಲಬಂಧವೇ ಅಲ್ಲವೇ, ಅಶ್ವಿನೀ ಮುದ್ರೆಯೇ ಅಲ್ಲವೇ ಎಂದು ಗೆಳೆಯರೊಬ್ಬರು ಕೇಳಿದರು. ಹಠಯೋಗದ ಗ್ರಂಥಗಳಲ್ಲಿ ಇವುಗಳ ವರ್ಣನೆಯಿರುವುದು ನಿಜ. ಯೋಗಾಭ್ಯಾಸವಿದ್ದವರಿಗೆ ಆ ಭಾಗದ ಅರಿವು ಬೇಗ ಮೂಡಬಹುದು. ಆದರೆ ಯೋಗಿಗಳ ಉದ್ದೇಶ ಬೇರೆ, ಗ್ರಂಥಿ ಕಳೆದುಕೊಂಡ ಮುದುಕನ ಅವಶ್ಯಕತೆ ಬೇರೆ. ಮೂಲಬಂಧದಲ್ಲಿ ಒತ್ತು ಬೀಳುವುದು ಹಿಂಭಾಗಕ್ಕೆ, ನಮಗೆ ಬೇಕಾದದ್ದು ಮುಂಭಾಗ. ನಮ್ಮಲ್ಲಿ ಮೊದಲೇ ಇತ್ತು ಎಂಬ ಹೆಮ್ಮೆ, ಸರಿಯಾಗಿ ಕಲಿಯುವುದಕ್ಕೆ ಅಡ್ಡಿಯಾಗಬಾರದು.

ಈ ವ್ಯಾಯಾಮ ರಾಮಬಾಣವೆಂದು ನಾನು ಹೇಳುತ್ತಿಲ್ಲ. ವಿದ್ವಾಂಸರಲ್ಲೇ ಭಿನ್ನಾಭಿಪ್ರಾಯವಿದೆ. ಬೆಲ್ಜಿಯಂ ದೇಶದ ಲ್ಯೂವೆನ್‌ನಲ್ಲಿ ನಡೆದು 2000ದಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವ್ಯಾಯಾಮ ಕಲಿತವರಲ್ಲಿ ನೂರಕ್ಕೆ 88 ಮಂದಿ ಮೂರು ತಿಂಗಳಲ್ಲಿ ಹಿಡಿತ ಪಡೆದಿದ್ದರು. ಕಲಿಯದವರಲ್ಲಿ 56 ಮಂದಿ ಮಾತ್ರ. ವರ್ಷ ಕಳೆಯುವ ಹೊತ್ತಿಗೆ ಆ ಅಂತರ ಕಿರಿದಾಯಿತು. 2011ರಲ್ಲಿ ಅದೇ ಪತ್ರಿಕೆಯಲ್ಲಿ ಬಂದ ಬ್ರಿಟನ್ನಿನ ದೊಡ್ಡ ಅಧ್ಯಯನವೊಂದು, ಚಿಕಿತ್ಸಕರ ಬಳಿ ಒಬ್ಬೊಬ್ಬರೇ ಕುಳಿತು ಕಲಿತವರಿಗೂ ಎಂದಿನ ಆರೈಕೆ ಪಡೆದವರಿಗೂ ವರ್ಷದ ಕೊನೆಯಲ್ಲಿ ಹೆಚ್ಚಿನ ವ್ಯತ್ಯಾಸವೇನೂ ಕಾಣಲಿಲ್ಲವೆಂದು ಹೇಳಿತು. ಹಾಗಾದರೆ ಕಲಿಸುವುದು ದಂಡವೇ ಎಂದು ಕೇಳಬಹುದು. ನನ್ನ ಉತ್ತರ ಇದು. ಅಲ್ಲಿ ಹೋಲಿಕೆಯ ಗುಂಪಿನಲ್ಲೂ ಅನೇಕರು ವ್ಯಾಯಾಮ ಮಾಡುತ್ತಲೇ ಇದ್ದರು. ಇಂಗ್ಲಿಷಿನ ಹಾಳೆಯನ್ನು ಓದಲಾರದೆ ಕಪಾಟಿನಲ್ಲಿಟ್ಟ ನಮ್ಮ ಹಳ್ಳಿಯ ರೈತನ ಸ್ಥಿತಿ ಅದಲ್ಲ. ಅಲ್ಲದೆ, ಕೊನೆಗೆ ಎಲ್ಲರೂ ಒಂದೇ ಕಡೆ ತಲುಪುವರೆಂದೇ ಇಟ್ಟುಕೊಂಡರೂ, ಬೇಗ ತಲುಪಿದವನಿಗೆ ಉಳಿದ ತಿಂಗಳುಗಳು ಬದುಕಿನ ತಿಂಗಳುಗಳೇ.

ನನ್ನ ಮಟ್ಟಿಗೆ, ಸರಿಯಾಗಿ ಕಲಿತ ಮೇಲೆ ಮೂರು ತಿಂಗಳಲ್ಲಿ ದಿನಕ್ಕೆ ನಾಲ್ಕಿದ್ದ ಪ್ಯಾಡು ಒಂದಕ್ಕೆ ಇಳಿಯಿತು. ಇಂದಿಗೂ ದೂರದ ಪ್ರಯಾಣದಲ್ಲಿ ಒಂದನ್ನು ಇಟ್ಟುಕೊಂಡೇ ಹೋಗುತ್ತೇನೆ. ಅದು ಸೋಲು ಎಂದು ನನಗೆ ಅನ್ನಿಸುವುದಿಲ್ಲ.

ಇನ್ನು ನನ್ನ ಸಹೋದ್ಯೋಗಿಯ ವಿಷಯ. ಗಣಿತದ ಮೇಷ್ಟ್ರು. ಸಭೆಯಲ್ಲಿ ಅವರಿದ್ದರೆ ನಗುವಿಗೆ ಬರವಿರಲಿಲ್ಲ. ಇದ್ದಕ್ಕಿದ್ದಂತೆ ಬರುವುದನ್ನು ನಿಲ್ಲಿಸಿದರು. ಮಗ ಅಮೆರಿಕಕ್ಕೆ ಹೋದ ಮೇಲೆ ದೊಡ್ಡಸ್ತಿಕೆ ಬಂದಿದೆ ಎಂದು ನಾವೇ ಆಡಿಕೊಂಡೆವು. ಕಳೆದ ವರ್ಷ ಅವರ ಮನೆಗೆ ಹೋದೆ. ಬಾಗಿಲಲ್ಲಿಯೇ ಫಿನಾಯಿಲ್ ವಾಸನೆ. ಕುರ್ಚಿಯ ಮೇಲೆ ರಬ್ಬರ್ ಹಾಳೆ, ಅದರ ಮೇಲೆ ಹಳೆಯ ಸೀರೆಯ ಮಡಿಕೆ. ನನಗೆ ತಿಳಿಯಿತು. ನನ್ನ ಕಥೆಯನ್ನು ನಾನೇ ಮೊದಲು ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, “ನಿಮಗೂ ಆಗಿತ್ತೇನ್ರೀ ಮೇಷ್ಟ್ರೇ?” ಎಂದರು. ಶಸ್ತ್ರಚಿಕಿತ್ಸೆಯಾಗಿ ಎರಡು ವರ್ಷ ಕಳೆದಿತ್ತು. ಇನ್ನೇನು ಮಾಡಿದರೂ ಪ್ರಯೋಜನವಿಲ್ಲವೆಂದು ಕೈಚೆಲ್ಲಿದ್ದರು.

ಅಷ್ಟು ತಡವಾದ ಮೇಲೂ ಪ್ರಯೋಜನವುಂಟು. 2011ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದರಲ್ಲಿ, ಶಸ್ತ್ರಚಿಕಿತ್ಸೆಯಾಗಿ ಒಂದು ವರ್ಷದಿಂದ ಹದಿನೇಳು ವರ್ಷಗಳವರೆಗೆ ಸೋರಿಕೆ ಅನುಭವಿಸಿದವರಿಗೆ ಎಂಟು ವಾರ ಇದನ್ನು ಕಲಿಸಿದರು. ವಾರಕ್ಕೆ ಸರಾಸರಿ 28 ಬಾರಿ ಆಗುತ್ತಿದ್ದ ಸೋರಿಕೆ 13ಕ್ಕೆ ಇಳಿಯಿತು. ವಿದ್ಯುತ್ ಉಪಕರಣಗಳನ್ನು ಸೇರಿಸಿದಾಗ ಹೆಚ್ಚಿನ ಲಾಭವೇನೂ ಕಾಣಲಿಲ್ಲ ಎಂಬುದೂ ಗಮನಿಸತಕ್ಕ ವಿಷಯ. ದುಬಾರಿ ಯಂತ್ರವಲ್ಲ, ಸರಿಯಾದ ಪಾಠ ಮುಖ್ಯ. ನಮ್ಮ ಗಣಿತದ ಮೇಷ್ಟ್ರನ್ನೂ ಘಟ್ಟದ ಕೆಳಗೆ ಕರೆದುಕೊಂಡು ಹೋದೆ. ಅವರು ಪೂರ್ತಿ ಗುಣವಾಗಿಲ್ಲ. ಆದರೆ ಕಳೆದ ತಿಂಗಳು ಸಭೆಗೆ ಬಂದು ಎರಡು ಗಂಟೆ ಕುಳಿತರು, ಒಂದು ಹಳೆಯ ಜೋಕನ್ನೂ ಹೇಳಿದರು. ವ್ಯಾಯಾಮದಿಂದ ಆಗದವರಿಗೆ ಕೃತಕ ಸಂಕೋಚಕ ಕವಾಟವನ್ನು ಅಳವಡಿಸುವ ಶಸ್ತ್ರಚಿಕಿತ್ಸೆಯೂ ಇದೆ. ಒಂದು ವರ್ಷವಾದರೂ ತೊಂದರೆ ಹಾಗೆಯೇ ಇದ್ದರೆ ಆ ಮಾತನ್ನು ವೈದ್ಯರ ಬಳಿ ಎತ್ತಲೇಬೇಕು. ಇದು ವಯಸ್ಸಿನ ಹಣೆಬರಹವೆಂದು ಒಪ್ಪಿಕೊಳ್ಳಬೇಕಾಗಿಲ್ಲ.

ಈಗ ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆ ಮಾಡುವ ಪ್ರತಿಯೊಂದು ಆಸ್ಪತ್ರೆಯೂ ರೋಗಿಯನ್ನು ಶಸ್ತ್ರಚಿಕಿತ್ಸೆಗೆ ಮುನ್ನವೇ ಒಮ್ಮೆ ಫಿಸಿಯೋಥೆರಪಿಸ್ಟ್ ಬಳಿ ಕೂರಿಸಬೇಕು. ನೋವು, ಭಯ, ನಳಿಕೆ ಯಾವುದೂ ಇಲ್ಲದಿರುವಾಗ ಕಲಿತ ಪಾಠ ಮನಸ್ಸಿನಲ್ಲಿ ನಿಲ್ಲುತ್ತದೆ. ಅಮೆರಿಕದ ಮೂತ್ರರೋಗ ತಜ್ಞರ ಸಂಘದ ಮಾರ್ಗಸೂಚಿಯೂ ಮೊದಲೇ ಕಲಿಸಬಹುದೆಂದು ಹೇಳುತ್ತದೆ. ಎರಡನೆಯದಾಗಿ, ಕೈಗೆ ಕೊಡುವ ಹಾಳೆ ಕನ್ನಡದಲ್ಲಿರಬೇಕು, ಮಡಿವಂತಿಕೆಯಿಲ್ಲದ ಕನ್ನಡದಲ್ಲಿರಬೇಕು. ಅಂಗಗಳ ಹೆಸರನ್ನು ಹೇಳಲು ನಾಚುವ ಭಾಷೆ ಅಂಗಗಳನ್ನು ಗುಣಪಡಿಸಲಾರದು. ಮೂರನೆಯದಾಗಿ, ಗಂಡಸರ ಶೌಚಾಲಯಗಳಲ್ಲಿಯೂ ಬಳಸಿದ ಪ್ಯಾಡು ಹಾಕಲು ಮುಚ್ಚಳವಿರುವ ಬುಟ್ಟಿ ಬೇಕು. ಬ್ರಿಟನ್ನಿನಲ್ಲಿ ಇದಕ್ಕಾಗಿಯೇ ಜನ ದನಿಯೆತ್ತಿದ್ದಾರೆ. ನಮ್ಮ ಬಸ್ ನಿಲ್ದಾಣಗಳಲ್ಲಿ ಒದ್ದೆಯಾದ ಪ್ಯಾಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೈಚೀಲದೊಳಗಿಟ್ಟುಕೊಂಡು ಊರಿಗೆ ಮರಳಿದವನಿಗೆ ಇದರ ಬೆಲೆ ಗೊತ್ತು.

ಕೊನೆಯದಾಗಿ ಒಂದು ಮಾತು. ಇದನ್ನು ಬರೆಯಲು ನನಗೆ ಅತಿ ಹೆಚ್ಚು ಕಷ್ಟವಾಯಿತು. ನಾನು ಮನೆಯಲ್ಲಿ ಚಾಪೆ ಹಾಸಿಕೊಂಡು ವ್ಯಾಯಾಮ ಮಾಡತೊಡಗಿದಾಗ, ಕೆಲವು ದಿನಗಳ ಬಳಿಕ ನನ್ನ ಹೆಂಡತಿಯೂ ಪಕ್ಕದಲ್ಲಿ ಚಾಪೆ ಹಾಸಿದಳು. ನನಗೆ ಜೊತೆ ಕೊಡಲು ಎಂದುಕೊಂಡೆ. “ನನಗೂ ಬೇಕಲ್ಲ” ಎಂದಳು. ಎರಡನೆಯ ಹೆರಿಗೆಯಾದಾಗಿನಿಂದ, ಸುಮಾರು ನಲವತ್ತು ವರ್ಷಗಳಿಂದ, ಕೆಮ್ಮಿದರೆ, ನಕ್ಕರೆ ಅವಳಿಗೆ ಸೋರುತ್ತಿತ್ತಂತೆ. ಯಾರಿಗೂ ಹೇಳಿರಲಿಲ್ಲ. ಯಾಕೆ ಹೇಳಲಿಲ್ಲವೆಂದು ಕೇಳಿದೆ. “ನೀವು ಕೇಳಲಿಲ್ಲವಲ್ಲ” ಎಂದು ಚಾಪೆ ಸುತ್ತಿಟ್ಟು ಒಳಗೆ ಹೋದಳು.

ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಈ ವ್ಯಾಯಾಮವನ್ನು ಪ್ರಕಟಿಸಿದ್ದು ಹೆರಿಗೆಯಾದ ಹೆಂಗಸರಿಗಾಗಿಯೇ. ಅದು ನಮ್ಮ ಮನೆಯ ಹೆಂಗಸಿಗೆ ತಲುಪಲು ಗಂಡನ ಗ್ರಂಥಿಗೆ ರೋಗ ಬರಬೇಕಾಯಿತು. ನನ್ನ ಮೂರು ತಿಂಗಳ ಅವಮಾನವನ್ನೇ ಇಷ್ಟುದ್ದ ಬರೆದಿರುವ ನಾನು ಅವಳ ನಲವತ್ತು ವರ್ಷಗಳಿಗೆ ಏನು ಬರೆಯಲಿ?

ಆದ್ದರಿಂದ ಓದುಗ ಮಿತ್ರರೇ, ನಿಮ್ಮಲ್ಲಿ ಯಾರಿಗಾದರೂ ಈ ತೊಂದರೆಯಿದ್ದರೆ ವೈದ್ಯರನ್ನು ಬಾಯಿಬಿಟ್ಟು ಕೇಳಿ. ಈ ಬರಹವನ್ನೇ ಔಷಧವೆಂದು ತಿಳಿಯಬೇಡಿ, ಕಲಿಸಬಲ್ಲವರ ಬಳಿ ಹೋಗಿ. ನಿಮ್ಮ ಸಭೆಗೆ ಬರುವುದನ್ನು ನಿಲ್ಲಿಸಿದ ಗೆಳೆಯನಿದ್ದರೆ ಅವನ ಮನೆಗೊಮ್ಮೆ ಹೋಗಿ ಬನ್ನಿ. ಹಾಗೆಯೇ, ಇಂದು ಸಂಜೆ ನಿಮ್ಮ ಮನೆಯಾಕೆಯನ್ನೂ ಒಮ್ಮೆ ಕೇಳಿ ನೋಡಿ. ನಾನು ಕೇಳಲು ಬಹಳ ತಡಮಾಡಿದೆ.